ಜೋಡುಪೆಟ್ಟಿಗೆಯ ದಂಡಯಾತ್ರೆ

ಒಳ್ಳೆಯದೆಲ್ಲ ದಿನದಿನಕ್ಕೆ ಕುಗ್ಗುತ್ತ ಹೋಗುವ ಜೈನರ ಕಾಲಗಣನೆಯ ಅವಸರ್ಪಿಣಿಯ ಈ ಪಂಚಮಕಾಲದಲ್ಲಿ, ಮನುಷ್ಯರ ಎತ್ತರ, ಆಯುಷ್ಯ, ತಾಳ್ಮೆಗಳ ಜೊತೆಗೆ ತಾಮ್ರದ ಹಂಡೆಗಳ ದಪ್ಪವೂ ಇಳಿದುಹೋಗಿರುವ ಹೊತ್ತಿನಲ್ಲಿ, ಗದಗ-ಬೆಟಗೇರಿಯೆಂಬ ಅವಳಿನಗರದ ಪಾತ್ರೆಪೇಟೆಯಲ್ಲಿ ಉದಿಸಿದ ಒಬ್ಬ ವೀರನ ಚರಿತೆಯಿದು, ಕೇಳಿರಿ. ಎಲೈ ನಟ್ಟುಬೋಲ್ಟುಗಳ ಅಧಿದೇವತೆಗಳಿರಾ, ಸ್ಪ್ಯಾನರಿನ ಬಾಯಲ್ಲಿ ನೆಲೆಸಿದ ಶಕ್ತಿಗಳಿರಾ, ಕಥೆ ಮುಗಿಯುವ ತನಕ ಸಡಿಲಾಗದೆ ನಿಮ್ಮ ನಿಮ್ಮ ಜಾಗದಲ್ಲಿರಿ. ಆಮೇಲೆ ನಿಮ್ಮಿಷ್ಟ.

ಹಿತ್ತಾಳೆಪರಾತಪ್ರತಿಬಿಂಬಿತಮುಖಮಂಡಲನೂ, ಕುಕ್ಕರುಸೀಟಿಶ್ರವಣಮಾತ್ರದಿಂದಲೇ ಒಳಗಿನ ರಬ್ಬರಿನ ವಯಸ್ಸನ್ನು ನಿರ್ಣಯಿಸಬಲ್ಲ ಪ್ರವೀಣನೂ, ಮದುವೆಭಾಂಡಸಾಮಾನುಸರಬರಾಜುಧುರಂಧರನೂ ಆದ ಆ ಪುಣ್ಯಪುರುಷನ ಹೆಸರು ಪಾಯಪ್ಪ ಬೋಗಾರ. ತಂದೆಯ ಕಾಲದ ಪಾತ್ರೆ ಅಂಗಡಿಯ ಗಲ್ಲೆಯ ಮೇಲೆ ಯೌವನವನ್ನೆಲ್ಲ ಕಳೆದು, ಕೂದಲು ಬೆಳ್ಳಗಾದ ಮೇಲೆ ಗಲ್ಲೆಯನ್ನು ಮಗನಿಗೆ ಬಿಟ್ಟುಕೊಟ್ಟು, ಆ ಮಹಾನುಭಾವ ಒಂದು ಕಪ್ಪು ಮೋಟರ್ ಸೈಕಲ್ ಕೊಂಡಿದ್ದ. ಅದರ ಘನಗಂಭೀರದುಂದುಭಿಧ್ವನಿಗೆ ಅಂಗಡಿಯ ಕಪಾಟಿನ ಲೋಟಗಳೆಲ್ಲ ತಾವಾಗಿಯೇ ಝಲ್ಲೆನ್ನುತ್ತಿದ್ದವು. ಮಗನಿಗೆ ಅದು ಸೇರುತ್ತಿರಲಿಲ್ಲ, ಆದರೆ ಅಪ್ಪನ ಮುಂದೆ ಹೇಳುವ ಧೈರ್ಯವೂ ಇರಲಿಲ್ಲ.

ವಾಹನ ಕೊಂಡದ್ದು ಸುಮ್ಮನೆ ಷೋಕಿಗಲ್ಲ. ಪಾಯಪ್ಪನ ಪತ್ನಿ ಚಂಪಾವತಿ, ಓಣಿಯವರ ಬಾಯಲ್ಲಿ ಚಂಪಕ್ಕ, ಮದುವೆಯಾಗಿ ಬಂದಾಗಿನಿಂದ ಶ್ರವಣಬೆಳಗೊಳಕ್ಕೆ ಎಷ್ಟೋ ಸಲ ಹೋಗಿದ್ದಳು. ಅಕ್ಕತಂಗಿಯರ ಜೊತೆ, ಬಸ್ಸಿನಲ್ಲಿ. ಪ್ರತಿ ಸಲವೂ ಗಂಡನನ್ನು ಕರೆದಿದ್ದಳು. ಪ್ರತಿ ಸಲವೂ ಗಂಡ, ಅಂಗಡಿ ಯಾರು ನೋಡುತ್ತಾರೆ ಎಂದಿದ್ದ. ಈಗ ಅಂಗಡಿ ನೋಡುವವರಿದ್ದರು, ಆದರೆ ಆಕೆ ಕರೆಯುವುದನ್ನೇ ಬಿಟ್ಟಿದ್ದಳು. ಇದು ಪಾಯಪ್ಪನನ್ನು ಒಳಗೊಳಗೇ ಕೊರೆಯುತ್ತಿತ್ತು. ಒಮ್ಮೆಯಾದರೂ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ತಾನೇ ಗಾಡಿ ಹೊಡೆದುಕೊಂಡು, ಗೊಮ್ಮಟನ ಪಾದದವರೆಗೆ ಹೋಗಿಬರಬೇಕೆಂಬುದು ಅವನ ಏಕೈಕ ಆಸೆ.

ಅದನ್ನು ಬಾಯಿಬಿಟ್ಟು ಹೇಳಿದ ದಿನ ಚಂಪಕ್ಕ ತೊಗರಿಬೇಳೆ ಆರಿಸುತ್ತಿದ್ದಳು. ಮೊರದಿಂದ ತಲೆಯೆತ್ತದೆಯೇ ಆಕೆ ತನ್ನ ಸಂಧಿಯ ಷರತ್ತುಗಳನ್ನು ವಿಧಿಸಿದಳು.

"ಬರ್ತೀನಿ. ಆದ್ರ ನನ್ನ ಸೋಸಿದ ನೀರು ಬರಬೇಕು, ನನ್ನ ಅಡಗಿ ಬರಬೇಕು, ಹೊತ್ತು ಮುಳುಗೋದ್ರೊಳಗ ಊಟ ಆಗಬೇಕು. ಒಂದ್ಸಲ ನೋಡ್ತೀನಿ. ಬರೋಬ್ಬರಿ ಆಗ್ಲಿಲ್ಲಂದ್ರ ಮತ್ತ ಈ ಗಾಡಿ ಮಾತು ನನ್ನ ಮುಂದ ತಗೀಬ್ಯಾಡ್ರಿ."

ಹೋಟೆಲಿನ ಅನ್ನವನ್ನು ಮುಟ್ಟದ, ಉಳ್ಳಾಗಡ್ಡಿಯ ವಾಸನೆ ಬಂದರೆ ರಸ್ತೆ ದಾಟಿಬಿಡುವ, ಬಟ್ಟೆಯಲ್ಲಿ ಸೋಸಿ ಕಾಯಿಸದ ನೀರನ್ನು ತುಟಿಗೆ ತಾಗಿಸದ ಮಹಾವ್ರತಧಾರಿಣಿ ಆಕೆ. ಅಂಥವಳ ಅಡುಗೆಮನೆಯನ್ನೇ ಕಿತ್ತು ಗಾಡಿಯ ಮೇಲೆ ಹೇರಬೇಕಿತ್ತು. ಅಲ್ಲಿಗೆ ಪಾಯಪ್ಪನ ಮುಂದೆ ಒಂದೇ ಮಾರ್ಗ ಉಳಿಯಿತು. ವಾಹನದ ಎಡಬಲಗಳಿಗೆ ಜೋಡುಪೆಟ್ಟಿಗೆ ಕಟ್ಟಿಸುವುದು.

ಇಂಥ ಮಹತ್ಕಾರ್ಯಕ್ಕೆ ಮಂತ್ರಾಲೋಚನೆಯಿಲ್ಲದೆ ಇಳಿಯುವುದುಂಟೆ? ಎದುರಿನ ಬಟ್ಟೆ ಅಂಗಡಿಯ ಸಂಗಣ್ಣ ಅರಳಿ, ಪಾಯಪ್ಪನ ಬಾಲ್ಯಸ್ನೇಹಿತ, ಚಹಾಕ್ಕೆ ಕರೆದು ತನ್ನ ಗಾದಿಯ ಮೇಲೆ ಕೂರಿಸಿಕೊಂಡ. ಥಾನುಗಟ್ಟಲೆ ಬಟ್ಟೆಯನ್ನು ಮೊಳ ಹಾಕಿ ಹಾಕಿ ಸವೆದ ಬೆರಳನ್ನೆತ್ತಿ, ದಪ್ಪ ಕ್ಯಾನ್ವಾಸಿನ ಚೀಲಗಳ ಗುಣಗಾನಕ್ಕೆ ತೊಡಗಿದ. ಬಟ್ಟೆಯ ಚೀಲ ಹಗುರ. ಬಿದ್ದರೆ ತಾನು ಒಡೆಯುವುದಿಲ್ಲ, ಬಿದ್ದವನ ಕಾಲನ್ನೂ ಮುರಿಯುವುದಿಲ್ಲ. ತುಂಬಿದಷ್ಟು ಹಿಗ್ಗುತ್ತದೆ, ಬರಿದಾದರೆ ಮಡಚಿ ದಿಂಬಿನ ಕೆಳಗಿಡಬಹುದು ಎಂದು ಅವನ ವಾದ. ಇಡೀ ಲೋಕ ತೊಟ್ಟಿಲಿನಿಂದ ಹಿಡಿದು ಕೊನೆಯ ತನಕ ಬಟ್ಟೆಯಲ್ಲೇ ಸುತ್ತಿಕೊಂಡಿರುತ್ತದೆ, ತಗಡಿನಲ್ಲಿ ಅಲ್ಲ ಎಂದು ಅವನು ಎದೆ ತಟ್ಟಿಕೊಂಡ.

ಪಾಯಪ್ಪ ಬಸಿಯಲ್ಲಿ ಉಳಿದಿದ್ದ ಚಹಾವನ್ನು ಸೊರ್ ಎಂದು ಮುಗಿಸಿ, ಮೀಸೆ ಒರೆಸಿಕೊಂಡು, ಮೇಘಮಂದ್ರಸ್ವರದಲ್ಲಿ ಉತ್ತರಿಸಿದ.

"ಸಂಗಣ್ಣ, ನಮ್ಮ ಮುತ್ಯಾ ಮಾರಿದ ಕೊಡದಾಗ ಇವತ್ತಿಗೂ ಮಂದಿ ನೀರು ತುಂಬಾಕತ್ತಾರ. ನಿಮ್ಮ ಮುತ್ಯಾ ಮಾರಿದ ಧೋತರ ಎಲ್ಲೈತಿ, ತೋರ್ಸು."

ಸಂಗಣ್ಣ ಎತ್ತಿದ್ದ ಬೆರಳನ್ನು ಮಡಚಿಕೊಂಡ. ಪ್ಲಾಸ್ಟಿಕ್ಕಿನ ಪೆಟ್ಟಿಗೆಗಳೂ ಸಿಗುತ್ತವೆ, ಅಗ್ಗ, ಚಂದವೂ ಇವೆ ಎಂದು ಅಂಗಡಿಯ ಗಿರಾಕಿಯೊಬ್ಬ ನಡುವೆ ಬಾಯಿ ಹಾಕಿದ. ಜೀವಮಾನದಲ್ಲಿ ಒಂದು ಪ್ಲಾಸ್ಟಿಕ್ ಬಿಂದಿಗೆಯನ್ನೂ ಅಂಗಡಿಯೊಳಗೆ ಬಿಟ್ಟುಕೊಳ್ಳದ ಪಾಯಪ್ಪ ಅವನತ್ತ ನೋಡಿದ ನೋಟಕ್ಕೆ ಆ ಬಡಪಾಯಿ ಕೊಳ್ಳಬೇಕೆಂದಿದ್ದ ಟವೆಲನ್ನೂ ಬಿಟ್ಟು ಎದ್ದುಹೋದ.

ಹೀಗೆ ಶತ್ರುಪಕ್ಷಗಳೆರಡನ್ನೂ ಕುಳಿತಲ್ಲೇ ಸೋಲಿಸಿದ ಪಾಯಪ್ಪ ಮರುದಿನ ಹುಬ್ಬಳ್ಳಿಗೆ ದಂಡೆತ್ತಿ ಹೋದ. ಅಲ್ಲಿನ ಪೆಟ್ಟಿಗೆಯಂಗಡಿಯವನು ಲೀಟರುಗಳ ಲೆಕ್ಕ ಹೇಳಿದ, ನೀರಿಳಿಯದ ರಬ್ಬರಿನ ಅಂಚು ತೋರಿಸಿದ, ಬೀಗದ ಮಹಿಮೆ ವರ್ಣಿಸಿದ. ವೀರ ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಾಲಾಗಿ ಇಟ್ಟಿದ್ದ ಅಲ್ಯುಮಿನಿಯಂ ಪೆಟ್ಟಿಗೆಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ಕುಟ್ಟಿ, ತಲೆ ವಾರೆ ಮಾಡಿ, ಕಣ್ಣು ಮುಚ್ಚಿ ನಾದವನ್ನು ಆಲಿಸಿದ. ಮಡಕೆ ಕೊಳ್ಳುವವರ ಹಾಗೆ ಇವನೇನು ಮಾಡುತ್ತಿದ್ದಾನೆಂದು ಅಂಗಡಿಯವರೆಲ್ಲ ಕೆಲಸ ಬಿಟ್ಟು ನಿಂತರು. ಕೊನೆಗೆ ಎಲ್ಲಕ್ಕಿಂತ ದಪ್ಪನೆಯ, ಎಲ್ಲಕ್ಕಿಂತ ಅಗಲವಾದ, ಶುದ್ಧಮಂದ್ರನಾದದ ಜೋಡಿಯೊಂದನ್ನು ಅಪ್ಪಿಕೊಂಡು, ಇದೇ ಸರಿ ಎಂದ. ಫಿಟ್ಟರ್ ಸಂಜೆಯ ತನಕ ಮಲಗಿ, ಎದ್ದು, ಬಗ್ಗಿ, ಗಾಡಿಯ ಎರಡೂ ಪಕ್ಕಕ್ಕೆ ಕಬ್ಬಿಣದ ಚೌಕಟ್ಟು ಬಿಗಿದು ಪೆಟ್ಟಿಗೆಗಳನ್ನು ಕೂರಿಸಿಕೊಟ್ಟ.

ಊರಿಗೆ ಮರಳಿದ ವೀರನ ವಾಹನ ಈಗ ಕೇವಲ ವಾಹನವಾಗಿರಲಿಲ್ಲ, ಉಭಯಪಾರ್ಶ್ವಪ್ರಲಂಬಿತರಜತಪೇಟಿಕಾವಿರಾಜಮಾನವಾದ ರಥವಾಗಿತ್ತು. ರಥವಾದದ್ದರಿಂದ ರಥದಷ್ಟೇ ಅಗಲವೂ ಆಗಿತ್ತು. ಈ ಸತ್ಯ ಪಾಯಪ್ಪನಿಗೆ ಹೊಳೆದದ್ದು ಪಾತ್ರೆಪೇಟೆಯ ಸಂದಿಯಲ್ಲಿ ನುಗ್ಗಿದ ಮೇಲೆ. ಮುಂಭಾಗ ಸಲೀಸಾಗಿ ಪಾರಾಯಿತು. ಹಿಂಭಾಗದ ಎಡಪೆಟ್ಟಿಗೆ ಪಕ್ಕದ ಅಂಗಡಿಯವನು ತೂಗುಹಾಕಿದ್ದ ಬಕೆಟುಗಳ ಸಾಲಿಗೆ ಸಿಕ್ಕಿಕೊಂಡು, ದಾರ ಹರಿದು, ನೀಲಿಹಸಿರುಕೆಂಪು ಬಕೆಟುಗಳ ಸೈನ್ಯವೊಂದು ಧರೆಗುರುಳಿ ದಿಕ್ಕೆಟ್ಟು ಓಡಿತು. ಬಲಪೆಟ್ಟಿಗೆ ಅದೇ ಗಳಿಗೆಯಲ್ಲಿ ಮಲಗಿದ್ದ ಒಂದು ಎಮ್ಮೆಯ ಬೆನ್ನಿಗೆ ತಾಗಿತು. ಎಮ್ಮೆ ಏಳಲಿಲ್ಲ. ವೀರ ಇಳಿದು, ಬಕೆಟುಗಳನ್ನು ಹೆಕ್ಕಿಕೊಟ್ಟು, ಎಮ್ಮೆಗೆ ಸುತ್ತುಹಾಕಿ, ಗಾಡಿಯನ್ನು ಹಿಂದಕ್ಕೆ ತಳ್ಳಿಕೊಂಡು ಬೇರೆ ದಾರಿಯಿಂದ ಮನೆ ಸೇರಿದ.

ಹೊರಡುವ ದಿನ ಬಂತು. ಸೂರ್ಯೋದಯಕ್ಕೇ ಪ್ರಯಾಣವೆಂದು ನಿಶ್ಚಯವಾಗಿತ್ತು. ಆದರೆ ಪೆಟ್ಟಿಗೆಗಳ ಭಾರ ಎರಡೂ ಕಡೆ ಸಮವಿರಬೇಕೆಂದು ಅಂಗಡಿಯವನು ಹೇಳಿದ್ದ ಒಂದೇ ಮಾತು ಪಾಯಪ್ಪನ ಕಿವಿಯಲ್ಲಿ ಉಳಿದುಬಿಟ್ಟಿತ್ತು. ಜೀವನವಿಡೀ ತಕ್ಕಡಿಯ ಮುಂದೆ ಕುಳಿತವನಿಗೆ ಸಮವೆಂದರೆ ಸಮ. ಅಂಗಡಿಯ ದೊಡ್ಡ ತಕ್ಕಡಿಯನ್ನೇ ಮನೆಯಂಗಳಕ್ಕೆ ಹೊರಿಸಿಕೊಂಡು ಬಂದು ತೂಗಲು ಕುಳಿತ. ಎಡಕ್ಕೆ ನೀರಿನ ಕ್ಯಾನು, ಬಟ್ಟೆಗಂಟು, ಹಾಸುವ ಚಾಪೆ. ಬಲಕ್ಕೆ ಖಡಕ್ ರೊಟ್ಟಿಯ ಕಟ್ಟು, ಶೇಂಗಾಚಟ್ನಿ, ಹುರಿದ ಅವಲಕ್ಕಿ, ತುಪ್ಪದ ಗಿಂಡಿ, ಒಲೆ. ಮುಳ್ಳು ನಡುವೆ ನಿಂತಿತು ಎನ್ನುವಷ್ಟರಲ್ಲಿ ಚಂಪಕ್ಕ ಒಳಗಿನಿಂದ ಬಂದು ಬಲಪೆಟ್ಟಿಗೆಗೆ ಬೆಲ್ಲದ ಡಬ್ಬಿಯಿಟ್ಟು ಹೋದಳು. ಎಡಕ್ಕೊಂದು ಹೊದಿಕೆ ಸೇರಿಸಿ ವೀರ ಸಮಮಾಡಿದ. ಆಕೆ ಮತ್ತೆ ಬಂದು, ಹೊದಿಕೆ ಯಾಕೆ, ಸೆಕೆಗಾಲ ಎಂದು ತೆಗೆದು ಒಳಗೊಯ್ದಳು. ಬೆಲ್ಲ ಹೊರಬಂತು. ಬೆಲ್ಲವಿಲ್ಲದೆ ಹೇಗೆ ಎಂದಾಯಿತು. ಈ ಸಮರ ನಡೆದು ನಡೆದು ಬಿಸಿಲು ಅಂಗಳದ ನಡುವಿಗೆ ಬಂದಾಗ ಮುಳ್ಳು ಅಂತೂ ನೆಟ್ಟಗೆ ನಿಂತಿತು.

ಆ ಹೊತ್ತಿಗೆ ಓಣಿಯೇ ನೆರೆದಿತ್ತು. ಸಂಗಣ್ಣನೂ ಅಂಗಡಿ ಬಿಟ್ಟು ಬಂದು ನಿಂತಿದ್ದ. ಕಟಕಟನೆ ಬೀಗ ಜಡಿದು, ಹೆಲ್ಮೆಟ್ಟಿನ ಕಿರೀಟ ಧರಿಸಿ, ರಥಾರೂಢನಾದ ಪಾಯಪ್ಪ ಗುಂಡಿಯೊತ್ತಿ ದುಂದುಭಿ ಮೊಳಗಿಸಿದ. ಬಾಗಿಲಲ್ಲಿ ಚಂಪಕ್ಕ ಕಾಣಿಸಿಕೊಂಡಳು. ಹೊಸ ಇಳಕಲ್ ಸೀರೆಯುಟ್ಟಿದ್ದಳು, ತಲೆಗೆ ಹೂ ಮುಡಿದಿದ್ದಳು, ಕಣ್ಣಲ್ಲಿ ಎಂದೂ ಕಾಣದ ಒಂದು ಹುರುಪಿತ್ತು. ಬಂದು ಗಾಡಿಯ ಎಡಕ್ಕೆ ನಿಂತಳು. ಸೀಟನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ಸುತ್ತ ಬಂದು ಆಚೆಯ ಬದಿಯನ್ನೂ ನೋಡಿ ಮತ್ತೆ ಮೊದಲಿನ ಜಾಗಕ್ಕೆ ಬಂದಳು.

"ಅಲ್ರೀ," ಎಂದಳು, "ನಾ ಕಾಲು ಎಲ್ಲಿಡ್ಲಿ?"

ದುಂದುಭಿ ತಣ್ಣಗಾಯಿತು. ಸೀರೆಯುಟ್ಟು ಒಂದೇ ಬದಿಗೆ ಕೂರುವ ಗದುಗಿನ ಗೃಹಿಣಿಯ ಎರಡು ಕಾಲುಗಳು ಎಲ್ಲಿ ಇಳಿಯಬೇಕಿತ್ತೋ ಅಲ್ಲಿ, ಶುದ್ಧಮಂದ್ರನಾದದ ಆ ಪೆಟ್ಟಿಗೆ ಗೋಡೆಯ ಹಾಗೆ ನಿಂತಿತ್ತು. ಸೀರೆ ಚಕ್ರಕ್ಕೆ ಸಿಗದಂತೆ ಇದ್ದ ಜಾಲರಿಯನ್ನೂ, ಕಾಲೂರುವ ಪಟ್ಟಿಯನ್ನೂ ಫಿಟ್ಟರ್ ಬಿಚ್ಚಿ, ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟಾಗ ಪಾಯಪ್ಪ ಏನೂ ಕೇಳದೆ ತೆಗೆದುಕೊಂಡು ಬಂದಿದ್ದ. ಎರಡೂ ಕಡೆ ಕಾಲು ಹಾಕಿ ಕೂರಬಾರದೇಕೆ ಎಂದು ಅವನು ಮೆಲ್ಲಗೆ ಕೇಳಿನೋಡಿದ. ಚಂಪಕ್ಕ ನೆರೆದ ಓಣಿಯನ್ನೊಮ್ಮೆ ನೋಡಿದಳು, ಅಷ್ಟೇ. ಬಲಕ್ಕೆ ಕೂರೋಣವೆಂದರೆ ಅಲ್ಲಿ ಇನ್ನೊಂದು ಪೆಟ್ಟಿಗೆ, ಅದರಡಿ ಕಾದ ಸೈಲೆನ್ಸರು.

ಆಕೆ ಸಿಟ್ಟಾಗಿದ್ದರೆ ವೀರನಿಗೆ ಎಷ್ಟೋ ಸುಲಭವಾಗುತ್ತಿತ್ತು. ಆಕೆ ಸಿಟ್ಟಾಗಲಿಲ್ಲ. ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು, ಸಮಾಧಾನ ಹೇಳುವ ದನಿಯಲ್ಲಿ ಅಂದಳು.

"ಇರ್ಲಿ ಬಿಡ್ರಿ. ಪೆಟಗಿ ತಗೊಂಡು ನೀವು ಮುಂದ ಹೋಗ್ರಿ. ನಾ ಬಸ್ಸಿಗೆ ಬರ್ತೀನಿ. ನನಗ ರೂಢಿ ಐತಿ."

ಬಕೆಟುಗಳ ಸೈನ್ಯ ಸುತ್ತಲೂ ಉರುಳಿದಾಗಲೂ ಅಳುಕದ ಪಾಯಪ್ಪನಿಗೆ ಆ ಕೊನೆಯ ಮಾತು ಎದೆಗೆ ನಾಟಿತು. ನೀರನ್ನು ಅಳೆದಿದ್ದ, ರೊಟ್ಟಿಯನ್ನು ತೂಗಿದ್ದ, ತಗಡಿನ ದಪ್ಪವನ್ನು ಗೆಣ್ಣಿನಿಂದ ಕಂಡುಹಿಡಿದಿದ್ದ. ಯಾರಿಗಾಗಿ ಇಷ್ಟೆಲ್ಲ ಮಾಡಿದನೋ ಅವಳನ್ನು ಒಂದು ಸಲವೂ ಗಾಡಿಯ ಮೇಲೆ ಕೂರಿಸಿ ನೋಡಿರಲಿಲ್ಲ.

ರಥದಿಂದಿಳಿದ. ಕೀಲಿ ತಿರುಗಿಸಿ ಎಡಪೆಟ್ಟಿಗೆಯನ್ನು ಎತ್ತಿ ಕಟ್ಟೆಯ ಮೇಲಿಟ್ಟ. ಬಲಪೆಟ್ಟಿಗೆಯನ್ನೂ ಎತ್ತಿಟ್ಟ. ಒಂದು ಮುಂಜಾನೆಯನ್ನೆಲ್ಲ ನುಂಗಿದ ಆ ಪರಮಪವಿತ್ರ ಸಮತೋಲನ ಹೀಗೆ ಒಂದು ನಿಮಿಷದಲ್ಲಿ ಮಣ್ಣುಪಾಲಾಯಿತು. ಖಾಲಿಯಾದ ಎಡಚೌಕಟ್ಟಿನ ಕೆಳಗಿನ ಕಂಬಿಯನ್ನು ಕೈಯಿಂದ ಒತ್ತಿ ಗಟ್ಟಿಯಿದೆಯೇ ನೋಡಿ, ಟವೆಲಿನಿಂದ ಒರೆಸಿ, ಇಲ್ಲಿಡು ಎಂದ.

ಚಂಪಕ್ಕ ಪೆಟ್ಟಿಗೆಗಳಿಂದ ಅವಲಕ್ಕಿ ಡಬ್ಬಿಯನ್ನೂ ಒಂದು ಮುಚ್ಚಳದ ತಂಬಿಗೆ ನೀರನ್ನೂ ತೆಗೆದು ಕೈಚೀಲಕ್ಕೆ ಹಾಕಿಕೊಂಡು, ಹತ್ತಿ ಕುಳಿತು ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಓಣಿ ದಾಟುವಷ್ಟರಲ್ಲಿ ಆಕೆಯ ಕೈ ಗಂಡನ ಹೆಗಲ ಮೇಲಿತ್ತು.

ಬೆಳಗೊಳ ಆ ಹೊತ್ತಿಗೆ ದೂರದ ಮಾತಾಗಿತ್ತು. ಕಟ್ಟೆಯ ಮೇಲೆ ಉಳಿದ ರೊಟ್ಟಿ, ಒಲೆ, ಚಾಪೆಗಳಿಲ್ಲದೆ ರಾತ್ರಿಗೆ ತಂಗಬೇಕೆಂದಿದ್ದ ಹರಿಹರಕ್ಕೂ ಹೋಗುವಂತಿರಲಿಲ್ಲ. ಚತುಸ್ಸಮುದ್ರಮುದ್ರಿತವಾದ ಭೂಮಂಡಲವನ್ನೇ ಗೆದ್ದುಬರಬೇಕಿದ್ದ ಆ ದಂಡಯಾತ್ರೆ ಲಕ್ಕುಂಡಿಗೆ ಹೋಗಿ ನಿಂತಿತು. ಗದುಗಿನಿಂದ ಹನ್ನೆರಡು ಕಿಲೋಮೀಟರು. ಹಾಲು ಮಾರುವವರು ಸೈಕಲ್ಲಿನ ಮೇಲೆ ದಿನಾ ಬಂದುಹೋಗುವ ದಾರಿ. ಅಲ್ಲಿನ ಬಸದಿಯಲ್ಲಿ ಕೈಮುಗಿದು, ಹೊರಗಿನ ಕಲ್ಲಿನ ಮೇಲೆ ಕುಳಿತು, ಬಿಸಿಲಿರುವಾಗಲೇ ಇಬ್ಬರೂ ಅವಲಕ್ಕಿ ತಿಂದು ಮುಗಿಸಿದರು. ಪಾಯಪ್ಪ ಇನ್ನು ತಿರುಗೋಣವೆಂದು ಗಾಡಿಯ ಬಾಯಿ ಊರ ಕಡೆ ತಿರುಗಿಸಿದ. ಚಂಪಕ್ಕ ಹತ್ತಲಿಲ್ಲ, ನಿಂತೇ ಇದ್ದಳು.

"ಇಷ್ಟ ಏನ್ರೀ?" ಎಂದಳು. "ಹೊತ್ತು ಇನ್ನೂ ಐತಲ್ಲ. ಇನ್ನೊಂಚೂರು ಮುಂದ ಹೋಗೂಣು."

ಪಾಯಪ್ಪ ಗಾಡಿಯನ್ನು ಮತ್ತೆ ಆಚೆ ತಿರುಗಿಸಿದ. ಇಂತು ಮುಗಿಯಿತು ಜೋಡುಪೆಟ್ಟಿಗೆಯ ಮಹಾಚರಿತೆ. ಇದನ್ನು ಭಕ್ತಿಯಿಂದ ಕೇಳಿದವರಿಗೆ ಬೋಲ್ಟು ಸಡಿಲಾಗದಿರಲಿ, ಓದಿದವರಿಗೆ ಎಮ್ಮೆ ಅಡ್ಡ ಬಾರದಿರಲಿ, ಇನ್ನು ಪೆಟ್ಟಿಗೆ ಕೊಳ್ಳಲು ಹೊರಟವರು ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಹೋಗಲಿ.