ಎಂಟು ಪೈಲ್ವಾನರ ಹಂಚಿಕೆ

ನಮ್ಮ ಸೋದರಮಾವ ಒಂದು ಕಾಲದಲ್ಲಿ ಗಂಡಸರನ್ನು ಊರೂರಿಗೆ ಹಂಚುತ್ತಿದ್ದರು. ಎತ್ತಿನ ಬಂಡಿಯಲ್ಲಿ ಹೇರಿಕೊಂಡು ಹೋಗುವುದು, ಊರಿಗೆ ಇಬ್ಬರಂತೆ ಇಳಿಸುವುದು, ‘ಇನ್ನು ಇವರು ನಿಮ್ಮವರು’ ಎಂದು ಹೇಳಿ ಬರುವುದು. ಇದನ್ನು ಕೇಳಿದ ನನ್ನ ಮೊಮ್ಮಗಳು, “ಅಜ್ಜೀ, ಇದು ಕ್ರೈಮ್” ಎಂದು ಕಣ್ಣರಳಿಸಿದಳು. ಕ್ರೈಮೋ ಏನೋ, ನಾನು ಮಾತ್ರ ತಪ್ಪಿಸಿಕೊಳ್ಳುವ ಹಾಗಿಲ್ಲ. ಆ ಹಂಚಿಕೆಯ ಸೆಕ್ರೆಟರಿ ನಾನೇ ಆಗಿದ್ದೆ!

ಈಗ ಟಿ.ವಿ.ಯಲ್ಲಿ ಊರಿಗೊಂದು ಟೀಮು, ಟೀಮಿಗೊಂದು ಬಣ್ಣದ ಅಂಗಿ. ಲೀಗಿಗೆ ಹೊಸದೊಂದು ಊರು ಸೇರಿತೆಂದರೆ ಮನೆಯ ಹುಡುಗರು ಸೋಫಾ ಮೇಲೆ ಕುಣಿಯುತ್ತಾರೆ. ನನಗೆ ಎದೆ ಧಸಕ್ಕೆನ್ನುತ್ತದೆ. ಊರು ಸೇರಿಸುವುದೆಂದರೆ ಏನು ಎಂದು ನಾನು ಹದಿನಾಲ್ಕನೆಯ ವಯಸ್ಸಿನಲ್ಲೇ ನೋಡಿದ್ದೇನಲ್ಲ.

ಎರಡನೆಯ ಮಹಾಯುದ್ಧದ ಕಾಲ. ನಿಜಾಮರ ಗಡಿಯಾಚೆ, ಬ್ರಿಟಿಷರ ಸೀಮೆಯಲ್ಲಿದ್ದ ನಮ್ಮ ಕಾನ್ವೆಂಟಿನ ಕಟ್ಟಡವನ್ನು ಮಿಲಿಟರಿ ಆಸ್ಪತ್ರೆಗೆಂದು ತೆಗೆದುಕೊಂಡರು. ಹುಡುಗಿಯರನ್ನೆಲ್ಲ ಮನೆಗೆ ಅಟ್ಟಿದರು. ಟ್ರಂಕು ಹೊತ್ತುಕೊಂಡು ಕೊಪ್ಪಳ ಸ್ಟೇಷನ್ನಿನಲ್ಲಿ ಇಳಿದು, ಜಟಕಾದಲ್ಲಿ ಮನೆಗೆ ಬಂದು, ಹೊಸ್ತಿಲು ದಾಟಿದವಳು ಹಾಗೇ ನಿಂತೆ. ಅಂಗಳದಲ್ಲಿ ಎಂಟು ಗುಡ್ಡಗಳು ಸಾಲಾಗಿ ಕೂತು ಜೋಳದ ರೊಟ್ಟಿ ತಿನ್ನುತ್ತಿದ್ದವು. ಒಂದೊಂದರ ಮೈಮೇಲೂ ಇದ್ದದ್ದು ಒಂದು ಲಂಗೋಟಿ ಮಾತ್ರ. ಏಳು ವರ್ಷ ಸಿಸ್ಟರುಗಳು ನನಗೆ ಕಲಿಸಿದ ಮ್ಯಾನರ್ಸ್‌ನಲ್ಲಿ ಈ ದೃಶ್ಯಕ್ಕೆ ಯಾವ ಪಾಠವೂ ಇರಲಿಲ್ಲ. ನಾನು “ಗುಡ್ ಈವ್ನಿಂಗ್” ಎಂದುಬಿಟ್ಟೆ. ಗುಡ್ಡಗಳು ಎದ್ದು ನಿಂತು ನಮಸ್ಕಾರ ಮಾಡಿದವು.

ಆದದ್ದು ಇಷ್ಟು. ಮಾಮಾ ಊರ ಗರಡಿಮನೆಯ ವಸ್ತಾದರು, ಅಂದರೆ ಕುಸ್ತಿ ಕಲಿಸುವ ಗುರು. ಸ್ವತಃ ದೊಡ್ಡ ಪೈಲ್ವಾನರಾಗಿದ್ದು, ಮೊಣಕಾಲು ಮುರಿದ ಮೇಲೆ ಕಲಿಸಲು ನಿಂತವರು. ಮದುವೆಯಿಲ್ಲ, ಮಕ್ಕಳಿಲ್ಲ. ಊರ ದೇಸಾಯರು ಅವರ ಎಂಟು ಶಿಷ್ಯರಿಗೆ ಹಾಲು, ತುಪ್ಪ, ಬಾದಾಮಿ ಕೊಟ್ಟು ಸಾಕಿದ್ದರು. ದೇಸಾಯರು ತೀರಿಕೊಂಡರು. ಮಗ ಬಂದವನೇ ಎಮ್ಮೆಗಳನ್ನು ಮಾರಿ ಮೋಟಾರು ಕೊಂಡ. ಯುದ್ಧದಲ್ಲಿ ಪೆಟ್ರೋಲೇ ಇಲ್ಲ. ಮೋಟಾರು ಎಮ್ಮೆಯ ಕೊಟ್ಟಿಗೆಯಲ್ಲಿ ನಿಂತಿತು, ಎಮ್ಮೆಯ ಹಾಲು ಕುಡಿಯುತ್ತಿದ್ದವರು ನಮ್ಮ ಅಂಗಳದಲ್ಲಿ ಕೂತರು.

ನಾನು ಶಾಕ್‌ನಲ್ಲಿ ನಮ್ಮ ಸಿಸ್ಟರಿಗೆ ಕಾಗದ ಬರೆದೆ: ‘ನಮ್ಮ ಮನೆಯಲ್ಲಿ ಬಟ್ಟೆಯೇ ಇಲ್ಲದ ಎಂಟು ಜನ ಹಸಿದವರಿದ್ದಾರೆ.’ ಹದಿನೈದು ದಿನಕ್ಕೆ ಪಾರ್ಸೆಲ್ ಬಂತು. ಕರುಣಾಮಯಿ ಸಿಸ್ಟರು ಎಂಟು ಉಣ್ಣೆಯ ಅಂಗಿ ಹೆಣೆದು ಕಳಿಸಿದ್ದರು, ಹಸಿದ ಬಡಕಲು ಮೈಗಳ ಅಳತೆಗೆ. ಹನಮಂತ ಎಂಬ ಪೈಲ್ವಾನ ತನ್ನದನ್ನು ಚಳಿಗಾಲವಿಡೀ ತಲೆಗೆ ಟೋಪಿಯಾಗಿ ಹಾಕಿಕೊಂಡ.

ಅಪ್ಪ ವಕೀಲರು. ಉರ್ದು ಕಾಗದಗಳಿಂದ ತಲೆ ಎತ್ತಿದವರಲ್ಲ. ಎಲ್ಲ ಬಿದ್ದದ್ದು ಅವ್ವನ ಮೇಲೆ.

“ತಮ್ಮಾ, ಇವು ಹೊಟ್ಟಿ ಏನು, ಜೋಳ ತುಂಬೂ ಹಗೇವು ಏನು? ಎಷ್ಟು ಸುರುವಿದ್ರೂ ತುಂಬವಲ್ವು” ಎಂದಳು ಅವ್ವ.

“ಮೆತ್ತಗ ಅಕ್ಕಾ. ಕೇಳಿಸಿಕೊಂಡ್ರ ಒಂದೊಂದು ರೊಟ್ಟಿ ಕಡಿಮಿ ತಿಂತಾರ.”

“ಅದಕ್ಕ ಜೋರಾಗಿ ಹೇಳಾಕತ್ತೀನಿ.”

ಆಮೇಲೆ ಅವ್ವ ದನಿ ತಗ್ಗಿಸಿದಳು. ತಗ್ಗಿಸಿದಾಗಲೇ ಹೆದರಬೇಕಾದದ್ದು. “ಉಗಾದಿ ತನಕ ನೋಡ್ತೀನಿ. ಆಮ್ಯಾಲೆ ಇಬ್ಬರಿಗೆ ರೊಟ್ಟಿ ಬಡಿಯೂ ಶಕ್ತಿ ನನಗೈತಿ. ಉಳಿದ ಆರು ಮಂದಿಗೆ ದಾರಿ ನೋಡು. ಇಲ್ಲಾಂದ್ರ ಗರಡಿ ಬಾಗಲಾ ಹಾಕು.”

ಬಾಗಿಲು ಹಾಕಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಹನಮಂತನಿಗೆ ಅವನ ಅಣ್ಣ ಆಗಲೇ ಹೇಳಿಕಳಿಸಿದ್ದ: ಸಡಕಿಗೆ ಜಲ್ಲಿ ಒಡೆಯುವ ಕೆಲಸವಿದೆ, ಬಂದುಬಿಡು. ಹದಿನಾರು ವರ್ಷ ಮಣ್ಣಿನಲ್ಲಿ ಹದವಾದ ಮೈ ಜಲ್ಲಿ ಒಡೆಯಲು! ಮಾಮಾ ಆ ದಿನ ನಶ್ಯ ಏರಿಸುವುದನ್ನೂ ಮರೆತರು.

ಬೆಳಕು ಕಂಡದ್ದು ನನ್ನ ಟ್ರಂಕಿನ ತಳದಲ್ಲಿ. ಅಲ್ಲಿ ಹಾಸಿದ್ದ, ಸಾಲು ಸಾಲು ಅಂಕಿಗಳಿದ್ದ ಹಳೆಯ ಇಂಗ್ಲಿಷ್ ಪೇಪರನ್ನು ಮಾಮಾ ಎತ್ತಿ ಹಿಡಿದರು.

“ಇದೇನ ಕಾನ್ವೆಂಟಮ್ಮಾ, ಪಂಚಾಂಗನಾ?”

“ಅಲ್ಲ ಮಾಮಾ. ವಿಲಾಯತಿ ಫುಟ್‌ಬಾಲ್ ಲೀಗ್. ಊರಿಗೊಂದು ಟೀಮು. ಒಂದ್ಸಲ ಇವರ ಊರಾಗ ಆಡತಾರ, ಇನ್ನೊಂದ್ಸಲ ಅವರ ಊರಾಗ.”

“ಆಡೋರು ಆ ಊರಾಗ ಹುಟ್ಟಿದವರ ಏನು?”

“ಹಂಗೇನಿಲ್ಲ. ಬ್ಯಾರೆ ಊರವರನ್ನೂ ಪಗಾರ ಕೊಟ್ಟು ಕರ್ಕೋತಾರ.”

“ಮತ್ತ ಮಂದಿ ಯಾಕ ಚಪ್ಪಾಳಿ ಹೊಡೀತಾರ?”

“ತಮ್ಮ ಊರ ಹೆಸರಿಗೆ.”

ಮಾಮಾ ಪೇಪರನ್ನು ತಲೆಕೆಳಗಾಗಿಯೇ ಬಹಳ ಹೊತ್ತು ನೋಡಿದರು. “ಹಂಗಾರ ಒಬ್ಬ ದೇಸಾಯಿ ಸತ್ರ ಪೈಲ್ವಾನ್ರು ಉಪವಾಸ ಬೀಳಂಗಿಲ್ಲ. ಊರಿಗೆ ಊರೇ ದೇಸಾಯಿ” ಎಂದರು. ವಿಲಾಯತಿಯ ದೊರೆಗಳು ಅದನ್ನು ಇಷ್ಟು ಚೆನ್ನಾಗಿ ಹೇಳಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.

ಮರುವಾರವೇ ಬಂಡಿ ಹೂಡಿದರು. ಕೊಪ್ಪಳಕ್ಕೆ ಇಬ್ಬರು, ಗಂಗಾವತಿಗೆ ಇಬ್ಬರು, ಕುಷ್ಟಗಿಗೆ ಇಬ್ಬರು, ಯಲಬುರ್ಗಾಕ್ಕೆ ಇಬ್ಬರು. ಕರಾರು ಸರಳ: ಊಟ ನಿಮ್ಮದು, ಹೆಸರು ನಿಮ್ಮದು, ಸಂತೆಯ ದಿನ ಕುಸ್ತಿ. ನಾನೂ ಸವಾರಿ ಬಂಡಿಯ ಪರದೆಯೊಳಗೆ ಕೂತು ಹೋಗಬೇಕೆಂದು ಮಾಮಾ ಹಟ ಹಿಡಿದರು. ಲೀಗಿನ ಕಾನೂನು ಬಲ್ಲವಳು ನಾನೊಬ್ಬಳೇ ಅಂತೆ!

ಗಂಗಾವತಿಯವರು ಕಾಲುವೆ ನೀರಿನ ಜನ, ಧಾರಾಳಿಗಳು. ಆಗಲಿ ಎಂದರು. ಆದರೆ ಎರಡೂ ಹೊತ್ತು ಅನ್ನ. ಅಲ್ಲಿಗೆ ಹೋದ ಮೌಲಾ ಪೈಲ್ವಾನ ವಾರದೊಳಗೆ ಹೇಳಿಕಳಿಸಿದ: “ವಸ್ತಾದ್ರ, ಇವರು ಛಲೋ ನೋಡ್ಕೋತಾರ. ಆದ್ರ ಅನ್ನ ಉಂಡ ಮ್ಯಾಲೆ ಕುಸ್ತಿ ಬ್ಯಾಡ, ಹಾಸಿಗಿ ಬೇಕು ಅನಸ್ತೈತಿ.” ಅವ್ವ ಒಂದು ಗಂಟು ಜೋಳದ ಹಿಟ್ಟು ಕಳಿಸಿದಳು, ಬೈದುಕೊಂಡೇ.

ಕುಷ್ಟಗಿಯ ಹಿರಿಯರೊಬ್ಬರು ಮೀಸೆ ತಿರುವಿ ಕೇಳಿದರು: “ಪೈಲ್ವಾನ್ರು ಕೊಪ್ಪಳದವರು, ರೊಟ್ಟಿ ಕುಷ್ಟಗೀದು. ಅಂದ್ರ ನಾವು ಮಾವನ ಮನಿಯವರೇನು?”

“ಹಂಗ ತಿಳ್ಕೊಳ್ರಿ. ಅಳಿಯನ್ನ ಯಾರರ ಉಪವಾಸ ಕಳಸ್ತಾರೇನ್ರಿ?” ಎಂದರು ಮಾಮಾ. ಒಪ್ಪಿಗೆಯಾಯಿತು.

ಯಲಬುರ್ಗಾದವರು ಬಿಗಿ. ಹನಮಂತನನ್ನು ಮೇಲಿಂದ ಕೆಳಗೆ ನೋಡಿ, “ಇಂವ ನಮ್ಮೂರ ನೀರು ಕುಡದಾನೇನ್ರಿ? ನಮ್ಮಾವ ಹೆಂಗಾದಾನು?” ಎಂದರು. ಮಾಮಾ ಪಕ್ಕದ ಬಾವಿಯಿಂದ ಒಂದು ಕೊಡ ನೀರು ಸೇದಿಸಿ ಹನಮಂತನ ಕೈಗೆ ಕೊಟ್ಟರು. ಅವನು ಎತ್ತಿದ ಕೊಡ ಇಳಿಸಲಿಲ್ಲ. ಮುಗಿಸಿ, ಬಾಯಿ ಒರೆಸಿಕೊಂಡು, “ಸವಿ ಅದಾವ್ರಿ ನೀರು” ಎಂದ. ಊರು ಸೇರಿತು. ಹನಮಂತ ಮಾತ್ರ ಆ ಮಧ್ಯಾಹ್ನ ಯಾರು ಕರೆದರೂ ಎದ್ದು ನಿಲ್ಲಲಿಲ್ಲ.

ಇನ್ನು ಫಿಕ್ಸ್ಚರ್ ಪಟ್ಟಿ. ಯಾರು ಯಾರೊಂದಿಗೆ, ಯಾವ ಸಂತೆಗೆ, ಎಂದು ನಾನು ಕನ್ನಡದಲ್ಲಿ ಬರೆಯಹೊರಟೆ. “ಇಂಗ್ಲಿಷ್‌ನ್ಯಾಗ ಬರಿ” ಎಂದರು ಮಾಮಾ. ಯಾರಿಗೂ ತಿಳಿಯುವುದಿಲ್ಲ ಎಂದೆ. “ಅದಕ್ಕ ಹೇಳಿದ್ದು. ತಿಳೀಲಾರದ್ದಕ್ಕ ತಕರಾರು ಇರಂಗಿಲ್ಲ.” ನಾಲ್ಕು ಊರಿನ ಚಾವಡಿಗೂ ನನ್ನ ಕರ್ಸಿವ್ ಅಕ್ಷರ ಹೋಯಿತು. ಒಂದೂ ತಕರಾರು ಬರಲಿಲ್ಲ. ನಾನು ಬೆರಗಾಗಿ ಹೋದೆ.

ಮೊದಲ ಕುಸ್ತಿ ಗಂಗಾವತಿಯಲ್ಲಿ. ಗಂಗಾವತಿಯ ಮೌಲಾ, ಯಲಬುರ್ಗಾದ ಹನಮಂತ. ಹಲಗೆ ಬಡಿತದ ಸದ್ದಿಗೆ ಸಂತೆಗೆ ಸಂತೆಯೇ ಎದ್ದು ಬಂತು. ಯಲಬುರ್ಗಾದಿಂದ ಬಂಡಿ ಕಟ್ಟಿಕೊಂಡು ಜನ ಬಂದಿದ್ದರು. ಗೆದ್ದವನಿಗೆ ಬೆಳ್ಳಿ ಕಡಗ. ನಾನು ಪರದೆಯ ಸಂದಿಯಿಂದ ಒಂದು ಕಣ್ಣು ಹಾಕಿ ಕೂತಿದ್ದೆ. ಇಬ್ಬರೂ ಕಣಕ್ಕಿಳಿದರು. ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡರು. ಹತ್ತಿರ ಬಂದರು.

ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿಕೊಂಡು, ಬೆನ್ನು ತಟ್ಟಿ, ಕಣದ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

ಹಲಗೆ ನಿಂತಿತು. ಅಷ್ಟು ಜನರಿದ್ದ ಬಯಲಿನಲ್ಲಿ ಎತ್ತಿನ ಕೊರಳ ಗೆಜ್ಜೆ ಕೇಳಿಸಿತು. ಆಮೇಲೆ ಯಾರೋ ಅಂದರು: “ಕುಸ್ತಿ ನೋಡಾಕ ಬಂದೀವೋ, ಬೀಗರ ಭೆಟ್ಟಿ ನೋಡಾಕ ಬಂದೀವೋ?”

ಮಾಮಾ ಕುಂಟುತ್ತ ಓಡಿದರು. “ಏಳ್ರೋ. ಯಾಕ ಕುಂತ್ರಿ?”

ಹನಮಂತ ಅಷ್ಟೇ ಬೆರಗಿನಿಂದ ಅವರನ್ನು ನೋಡಿದ. “ವಸ್ತಾದ್ರ, ಒಂದ ಗರಡಿಯವರು ಬಯಲಾಗ ಕುಸ್ತಿ ಹಿಡೀಬಾರದು ಅಂತ ನೀವ ಅಲ್ಲೇನ್ರಿ ಹೇಳಿದ್ದು?”

ಹೌದು! ಗರಡಿಯ ಮೊದಲ ಪಾಠವೇ ಅದು. ಒಬ್ಬ ವಸ್ತಾದರ ಶಿಷ್ಯರು ಒಡಹುಟ್ಟಿದವರು. ಗರಡಿಯೊಳಗೆ ಎಷ್ಟಾದರೂ ಎತ್ತಿ ಒಗೆಯಲಿ, ಊರ ಎದುರು ಒಬ್ಬರ ಬೆನ್ನು ಇನ್ನೊಬ್ಬರು ಮಣ್ಣಿಗೆ ಹಚ್ಚುವಂತಿಲ್ಲ. ನಾಲ್ಕು ಊರು ಸುತ್ತಿ, ಎಂಟು ಜನರನ್ನು ಹಂಚಿ, ನನ್ನಿಂದ ಇಂಗ್ಲಿಷಿನಲ್ಲಿ ಪಟ್ಟಿ ಬರೆಸಿದ ಮನುಷ್ಯ ತಾನೇ ದಿನಾ ಹೇಳಿಕೊಟ್ಟದ್ದನ್ನು ಮರೆತಿದ್ದರು.

“ಮತ್ತ ಮೊದಲ ಯಾಕ ಬೊಗಳಲಿಲ್ಲೋ?”

“ನೀವು ಏನರ ಉಪಾಯ ಮಾಡಿರ್ತೀರಿ ಅಂದ್ಕೊಂಡಿದ್ವ್ರಿ” ಎಂದ ಮೌಲಾ.

ಜನ ಕಡಗವನ್ನು ವಾಪಸ್ಸು ಒಯ್ದರು. ಮೂರು ದಿನದೊಳಗೆ ಮೂರು ಊರಿನಿಂದಲೂ ಒಂದೇ ಸುದ್ದಿ ಬಂತು: ಹೊಡೆದಾಡದ ಪೈಲ್ವಾನರಿಗೆ ನಾವು ಯಾಕೆ ರೊಟ್ಟಿ ಹಾಕಬೇಕು? ಉಗಾದಿಗೆ ಕರೆದುಕೊಂಡು ಹೋಗಿರಿ. ಆರು ಜನರೂ ಮತ್ತೆ ನಮ್ಮ ಅಂಗಳದ ಲೆಕ್ಕಕ್ಕೆ. ಸಡಕಿನಿಂದ ಹನಮಂತನ ಅಣ್ಣ ಮತ್ತೊಮ್ಮೆ ಹೇಳಿಕಳಿಸಿದ.

ಅವ್ವ ರೊಟ್ಟಿ ಬಡಿಯುತ್ತ, ಸಿಟ್ಟಿನಲ್ಲಿ, ಹಂಚಿಗೆ ಹೇಳುವಂತೆ ಹೇಳಿದಳು: “ಅಷ್ಟಾದ್ರ ಅವರ ವಸ್ತಾದ ನಾ ಅಲ್ಲ ಅಂದುಬಿಡು. ಮುಗೀತು.”

ಹೇಳಿದ ಮೇಲೆ ಅವಳ ಕೈ ರೊಟ್ಟಿಯ ಮೇಲೆಯೇ ನಿಂತಿತು. ಮಾಮಾನೂ ಅವಳ ಮುಖ ನೋಡಿದರು.

ನನಗೆ ಆಗ ಗೊತ್ತಿರಲಿಲ್ಲ. ಆಮೇಲೆ ಅವ್ವ ಹೇಳಿದಳು. ಗರಡಿಗೆ ಸೇರುವ ದಿನ ವಸ್ತಾದ ಶಿಷ್ಯನ ಬಲ ರಟ್ಟೆಗೆ ಒಂದು ಕರಿ ದಾರ ಕಟ್ಟುತ್ತಾನೆ. ಆ ದಾರ ಇರುವವರೆಗೆ ಅವನು ಆ ಗರಡಿಯ ಮಗ. ಕಟ್ಟಿದ ಕೈಯೇ ಬಿಚ್ಚಬೇಕು, ಬೇರೆ ಯಾರೂ ಬಿಚ್ಚುವಂತಿಲ್ಲ. ಬಿಚ್ಚಿದರೆ ಗುರುವೂ ಅಲ್ಲ, ಶಿಷ್ಯನೂ ಅಲ್ಲ. ಗೆದ್ದ ದಿನ ಕಾಲು ಮುಟ್ಟುವುದೂ ಇಲ್ಲ. ಹಾಗೆ ಬಿಚ್ಚುವುದು ಏನೋ ಹೇಸಿಗೆ ಕೆಲಸ ಮಾಡಿದವನನ್ನು ಹೊರಹಾಕುವಾಗ ಮಾತ್ರ. ಮಾಮಾ ಯಾರ ದಾರವನ್ನೂ ಬಿಚ್ಚಿದವರಲ್ಲ.

ಮರುದಿನ ಬೆಳಿಗ್ಗೆ ಆರು ಜನರನ್ನು ಗರಡಿಗೆ ಕರೆಸಿದರು. ಗರಡಿಯೊಳಗೆ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ. ನಾನು ಎದುರಿನ ಕಟ್ಟೆಯ ಮೇಲಿದ್ದೆ. ಒಬ್ಬೊಬ್ಬರೇ ಹೊರಗೆ ಬಂದರು, ಎಡಗೈಯಿಂದ ಬಲ ರಟ್ಟೆ ಮುಚ್ಚಿಕೊಂಡು, ಗಾಯವಾದವರ ಹಾಗೆ. ಗುಡ್ಡದಂಥ ಗಂಡಸರು ರಸ್ತೆಯಲ್ಲಿ ನಿಂತು ಬಿಕ್ಕಿದರು. ಮಾಮಾ ಕೊನೆಗೆ ಬಂದರು. ಮನೆಗೆ ಬಂದು, “ಅಕ್ಕಾ, ಹಸಿವಾಗೇತಿ” ಎಂದರು. ಅವ್ವ ಬಡಿಸಿದಳು. ಅವರು ತಿಂದದ್ದನ್ನು ನಾನು ನೋಡಲಿಲ್ಲ.

ಆಮೇಲೆ ಮೂರೂ ಊರುಗಳಲ್ಲಿ ಹೊಸ ವಸ್ತಾದರು ಎದ್ದರು. ಯಲಬುರ್ಗಾದಲ್ಲಿ ಹನಮಂತನಿಗೆ ದಾರ ಕಟ್ಟಿದ್ದು ಗಾಣದ ಮುದುಕ, ಹಳೆಯ ಪೈಲ್ವಾನ. ಆ ದಿನದಿಂದ ‘ಕೊಪ್ಪಳದ ಪೈಲ್ವಾನ’ ಎಂಬ ಮಾತು ಆ ಊರಿನಲ್ಲಿ ಕೇಳಲಿಲ್ಲ. ‘ನಮ್ಮ ಹನಮಂತ’ ಎನ್ನತೊಡಗಿದರು. ನೀರು ಕುಡಿಸಿ, ಅಳಿಯನೆಂದು ಹೇಳಿ ಆಗದ್ದು ಒಂದು ಗೇಣು ದಾರದಿಂದ ಆಯಿತು.

ಉಗಾದಿಗೆ ಎಂಟು ದಿನ ಇರುವಾಗ ಯಲಬುರ್ಗಾದಲ್ಲಿ ಅದೇ ಜೋಡಿ. ಈ ಸಲ ಯಾರೂ ಕೂರಲಿಲ್ಲ. ಬಹಳ ಹೊತ್ತು ಹೋರಾಡಿ ಹನಮಂತ ಮೌಲಾನನ್ನು ಚಿತ್ ಮಾಡಿದ. ಊರು ಅವನನ್ನು ಹೆಗಲ ಮೇಲೆ ಹೊತ್ತಿತು. ರುಮಾಲುಗಳು ಗಾಳಿಗೆ ಹಾರಿದವು. ಹೆಗಲಿಂದ ಜಿಗಿದ ಹನಮಂತ ಮೈತುಂಬ ಮಣ್ಣಿನಲ್ಲಿ, ಹದಿನಾರು ವರ್ಷದ ರೂಢಿಯಿಂದ, ಗಾಣದ ಮುದುಕನನ್ನು ದಾಟಿ ನೇರ ಮಾಮಾ ಕಾಲು ಇಳಿಬಿಟ್ಟು ಕೂತಿದ್ದ ನಮ್ಮ ಬಂಡಿಯ ಕಡೆಗೆ ಓಡಿ ಬಂದ. ಗಂಗಾವತಿಯವರು ಕತ್ತು ಚಾಚಿ ನೋಡುತ್ತಿದ್ದರು. ಕಾಲು ಮುಟ್ಟಿದನೋ, ಇವರು ಇನ್ನೂ ಒಂದೇ ಗರಡಿ, ಕುಸ್ತಿ ಸುಳ್ಳು ಎನ್ನಲು ಅಷ್ಟು ಸಾಕು. ನಾಳೆಯಿಂದ ಯಾವ ಊರೂ ಇವರಿಗೆ ಅನ್ನ ಹಾಕುವುದಿಲ್ಲ.

ಅವನು ಬಗ್ಗಿದ. ಮಾಮಾ ಸರ್ರನೆ ಎರಡೂ ಕಾಲು ಹಿಂದಕ್ಕೆಳೆದುಕೊಂಡರು, ಆ ಮುರಿದ ಮೊಣಕಾಲನ್ನೂ.

“ಯಾವ ಊರಪಾ ನಿಂದು?” ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು.

ಹನಮಂತ ಬಗ್ಗಿದವನು ಬಗ್ಗಿಯೇ ಇದ್ದ. ನೆಲ ನೋಡುತ್ತ, “ಯಲಬುರ್ಗಾ ರೀ” ಎಂದ.

“ಛಲೋ ಹಿಡದಿ ಕುಸ್ತಿ.” ಮಾಮಾ ದನಿ ಇಳಿಸಿದರು. ಈಗ ಕೇಳಿಸಿದ್ದು ಅವನಿಗೆ ಮತ್ತು ಪರದೆಯೊಳಗಿದ್ದ ನನಗೆ. “ಹೊಟ್ಟಿ ತುಂಬ ನೀಡತಾರೇನೋ?”

“ನೀಡತಾರ್ರಿ.”

“ಹಾಲು?”

“ಎರಡ ಹೊತ್ತೂ ರೀ.”

“ಹೋಗು ಹಂಗಾರ. ನಿಮ್ಮ ವಸ್ತಾದ್ರು ಕಾಯಾಕತ್ತಾರ.”

ಅವನು ಹೋಗಿ ಗಾಣದ ಮುದುಕನ ಕಾಲಿಗೆ ಬಿದ್ದ. ಊರು ಮತ್ತೊಮ್ಮೆ ಕೂಗಿತು. ಬಂಡಿ ಕೊಪ್ಪಳದ ದಾರಿ ಹಿಡಿದು ಎಷ್ಟೋ ದೂರ ಬಂದಿದ್ದರೂ ಮಾಮಾ ಆ ಕಾಲುಗಳನ್ನು ಧೋತರದೊಳಗೇ ಮುದುಡಿಟ್ಟುಕೊಂಡು ಕೂತಿದ್ದರು.