ಜಾಕ್ ಮೇಲೆ ನಿಂತ ಮನೆ, ಪುಕ್ಕಲು ತಮ್ಮ

ನನ್ನ ತಮ್ಮ ಹೆದರದೆ ಇರುವ ಒಂದೇ ಒಂದು ವಸ್ತುವನ್ನು ಯಾರಾದರೂ ಹುಡುಕಿ ಕೊಟ್ಟರೆ ಅವರಿಗೆ ಹೋಳಿಗೆ ಊಟ ಹಾಕುತ್ತೇನೆ. ಅರವತ್ತೇಳು ವರ್ಷದಿಂದ ಹುಡುಕುತ್ತಿದ್ದೇನೆ, ನನಗಂತೂ ಸಿಕ್ಕಿಲ್ಲ! ಹಲ್ಲಿ ಕಂಡರೆ ಮಂಚ ಹತ್ತುತ್ತಾನೆ. ಕುಕ್ಕರ್ ಮೂರನೇ ಸಲ ಕೂಗುವ ಹೊತ್ತಿಗೆ ಬೀದಿಯಲ್ಲಿರುತ್ತಾನೆ. ಮದುವೆಯನ್ನೂ ಆಗಲಿಲ್ಲ, ಅದಕ್ಕೂ ಭಯ. ಇಂಥವನು ಮೂವತ್ತು ವರ್ಷ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದ ಎಂದರೆ ನೀವು ನಂಬುತ್ತೀರಾ? ಕಲಾಸಿಪಾಳ್ಯದಲ್ಲಿ ಹತ್ತುವ ತರಕಾರಿ ಮೂಟೆಗಳ ನಡುವೆ ನುಗ್ಗಿ ಟಿಕೆಟ್ ಹರಿದವನು! ಅದು ಹೇಗೆ ಸಾಧ್ಯವಾಯಿತೆಂದರೆ, ಕೊರಳಲ್ಲಿ ವಿಷಲ್ ಇತ್ತು. ವಿಷಲ್ ಬಾಯಿಗೆ ಬಂದರೆ ಅವನಿಗೆ ಹೋದ ಜೀವ ಬರುತ್ತದೆ.

ರಿಟೈರ್ ಆದ ಮೇಲೂ ಅದನ್ನು ಕೊರಳಿಂದ ತೆಗೆಯಲಿಲ್ಲ. ಒಂದು ಸಲ ಊದಿದರೆ ನಿಲ್ಲು, ಎರಡು ಸಲ ಊದಿದರೆ ಹೊರಡು. ಆಟೋಗೂ ಅದೇ, ಸೊಪ್ಪಿನವಳಿಗೂ ಅದೇ. ನಮ್ಮ ಚಿಕ್ಕಮ್ಮನ ಮೊಮ್ಮಗಳ ಮದುವೆಯಲ್ಲಿ ಎರಡನೇ ಪಂಕ್ತಿಗೆ ಜನ ನುಗ್ಗಿದ್ದನ್ನು ಕಂಡು ತಡೆಯಲಾರದೆ ಒಂದು ಸಲ ಊದಿಬಿಟ್ಟ. ಜನ ನಿಂತರು. ಸಾರು ಬಡಿಸುವವನು ಸೌಟು ಎತ್ತಿ ಹಿಡಿದುಕೊಂಡೇ ನಿಂತ. ಅತ್ತ ಮಂಟಪದಲ್ಲಿ ಓಲಗದವರೂ ನಿಲ್ಲಿಸಿದರು! ಪುರೋಹಿತರು ತಿರುಗಿ ನೋಡಿದರು. ಇವನು ಗಾಬರಿಯಾಗಿ ಎರಡು ಸಲ ಊದಿದ. ಎಲ್ಲಾ ಮತ್ತೆ ಶುರುವಾಯಿತು.

ನನ್ನ ಗಂಡ ಹೋದ ಮೇಲೆ ನಾನು ಇವನ ಜೊತೆಯೇ ಇದ್ದೇನೆ, ಚಾಮರಾಜಪೇಟೆಯ ಮನೆಯಲ್ಲಿ. ಮನೆ ಗಟ್ಟಿಯಾಗಿಯೇ ಇತ್ತು, ಕೆಟ್ಟದ್ದು ರಸ್ತೆ. ಡಾಂಬರಿನ ಮೇಲೆ ಡಾಂಬರು ಬಳಿದು ಬಳಿದು ರಸ್ತೆ ಮೇಲೆದ್ದಿತು, ಮನೆ ಕೆಳಗೆ ಉಳಿಯಿತು. ಮೊದಲು ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದೆವು, ಕೊನೆಗೆ ಎರಡು ಮೆಟ್ಟಿಲು ಇಳಿಯುವ ಹಾಗಾಯಿತು. ಒಂದು ಮಳೆಗೆ ಚರಂಡಿ ನೀರು ನಡುಮನೆಗೆ ನುಗ್ಗಿ ನನ್ನ ಚಪ್ಪಲಿ ತೇಲುತ್ತಾ ದೇವರ ಮನೆಗೆ ಹೋಯಿತು. ನಾನೇ ಅಲ್ಲಿಗೆ ವಾರಕ್ಕೊಂದು ಸಲ ಹೋಗುವವಳು!

ಮನೆಯನ್ನು ಒಡೆಯದೆ ಇಡಿಯಾಗಿ ಮೇಲೆತ್ತಬಹುದು ಎಂದು ಇವನಿಗೆ ಯಾರೋ ಹೇಳಿದರು. ಲಿಫ್ಟ್ ಹತ್ತಲು ಹೆದರುವವನು ಮನೆಯನ್ನೇ ಲಿಫ್ಟ್ ಮಾಡಿಸಲು ಹೊರಟ. ಉತ್ತರ ಭಾರತದ ಕಡೆಯ, ಕನ್ನಡ ಕಲಿತ ಒಬ್ಬ ಮೇಸ್ತ್ರಿ ಹದಿನೈದು ಜನರನ್ನು ಕರೆದುಕೊಂಡು ಬಂದ. ಕೆಳಗಿನ ನೆಲ ಕಿತ್ತರು, ಅಡಿಗೆಮನೆಯ ಕಟ್ಟೆ ಒಡೆದರು, ಗೋಡೆಯ ಬುಡ ಕೊರೆದು ಉದ್ದಕ್ಕೂ ಲಾರಿ ಎತ್ತುವಂಥ ಜಾಕುಗಳನ್ನು ಇಟ್ಟರು. ಮೇಸ್ತ್ರಿಯೂ ವಿಷಲ್ ಊದುತ್ತಿದ್ದ. ಒಂದು ಸಲ ಊದಿದರೆ ಎಲ್ಲರೂ ಒಟ್ಟಿಗೆ ಜಾಕನ್ನು ಒಂದು ಸುತ್ತು ತಿರುಗಿಸಬೇಕು. ಒಂದು ಕಡೆ ತಿರುಗಿಸಿ ಇನ್ನೊಂದು ಕಡೆ ಬಿಟ್ಟರೆ ಗೋಡೆ ಸೀಳುತ್ತದೆ.

ನನ್ನ ತಮ್ಮನಿಗೆ ಇದು ಸರಿಬರಲಿಲ್ಲ.

"ಅಕ್ಕ, ಈವಯ್ಯ ತಪ್ಪು ಊದ್ತಿದಾನೆ. ಒಂದು ಊದಿದ್ರೆ ನಿಲ್ಲೋದು ಕಣೆ!"

"ಅದು ಬಸ್ಸಲ್ಲ ಕಣೋ, ಮನೆ."

ಬಿಟ್ಟನೇ? ಮೇಸ್ತ್ರಿಯ ಹತ್ತಿರ ಹೋಗಿ, "ಮೂವತ್ತು ವರ್ಷ ಸರ್ವೀಸ್ ರೀ ನಂದು!" ಎಂದ.

"ಸಾರ್, ಕೈ ಮುಗೀತೀನಿ, ನೀವು ಮಾತ್ರ ಊದ್ಬೇಡಿ," ಎಂದ ಮೇಸ್ತ್ರಿ.

ಮನೆ ಎರಡಡಿ ಮೇಲೆದ್ದಿತು. ಕೆಳಗೆ ಹೊಸ ಗೋಡೆ ಕಟ್ಟುವುದಷ್ಟೇ ಬಾಕಿ ಇತ್ತು. ಆಗಲೇ ಟಿವಿಯಲ್ಲಿ ಬಂತು, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ಚಂಡಮಾರುತ. ಇವನು ಊಟ ಬಿಟ್ಟ.

"ಅಕ್ಕ, ಚೆನ್ನೈ ಹತ್ರ ಬಂತಂತೆ!"

"ಬಂದ್ರೆ ಚೆನ್ನೈಯವರು ನೋಡ್ಕೋತಾರೆ ಬಿಡು."

"ಅಲ್ಲಾದ್ಮೇಲೆ ಇಲ್ಲಿಗೇ ಕಣೆ ಬರೋದು! ನಾನು ಮಾವಳ್ಳೀಲಿ ಒಂದು ರೂಮ್ ನೋಡಿದೀನಿ. ನಡಿ, ಹೋಗ್ಬಿಡೋಣ."

ನಾನು ಒಪ್ಪಲಿಲ್ಲ. ಬೇರೆಯವರ ಬಚ್ಚಲಲ್ಲಿ ಜಾರಿ ಬಿದ್ದು ಸಾಯುವುದಕ್ಕಿಂತ ನನ್ನ ಮನೆಯೇ ನನ್ನ ಮೇಲೆ ಬಿದ್ದು ಸಾಯುವುದು ವಾಸಿ ಎಂದೆ. ನನಗೆ ಮಂಡಿ ನೋವು, ಹಠವೂ ಜಾಸ್ತಿ. ಮಹಡಿಯ ಕೋಣೆಗೆ ಸ್ಟವ್ ಹೊರಿಸಿಕೊಂಡು ಹೋಗಿ ಅಲ್ಲೇ ಕೂತೆ. ಅವನೂ ಬಯ್ಯುತ್ತಾ ಬಂದು ಕೂತ.

ಅವನು ಹೇಳಿದ ಹಾಗೇ ಆಯಿತು. ಎರಡು ದಿನ ಬಿಡದೆ ಮಳೆ, ಜೊತೆಗೆ ಗಾಳಿ. ಮನೆ ಬೀಳುತ್ತದೆ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ, ಯಾವ ಕಡೆಗೆ ಎಂಬುದಷ್ಟೇ ಪ್ರಶ್ನೆ. ಅದನ್ನು ಕಂಡುಹಿಡಿಯಲು ಕೋಣೆಯ ನಾಲ್ಕು ಮೂಲೆಯಲ್ಲೂ ಸ್ಟೀಲ್ ಲೋಟ ಇಟ್ಟು ಅಂಚಿನವರೆಗೆ ನೀರು ತುಂಬಿದ. ಮನೆ ವಾಲಿದರೆ ನೀರು ಚೆಲ್ಲಬೇಕಂತೆ! ನಾನು ಮಾತ್ರೆ ನುಂಗಲು ಕೈಗೆ ಸಿಕ್ಕ ಲೋಟ ಎತ್ತಿ ಅರ್ಧ ಕುಡಿದು ಇಟ್ಟೆ. ಸ್ವಲ್ಪ ಹೊತ್ತಿಗೆ, "ಅಯ್ಯೋ ಅಕ್ಕ, ಬಾಗಿಲ ಮೂಲೆ ವಾಲಿಬಿಡ್ತು!" ಎಂದು ಕಿರುಚಿದ.

"ವಾಲಿಲ್ಲ ಕಣೋ, ನನ್ನ ಹೊಟ್ಟೇಲಿದೆ."

ನಗುತ್ತೀರಿ. ಅವತ್ತು ನಾನೂ ನಕ್ಕೆ. ಆದರೆ ಮಂಚದ ಮೇಲೆ ಒರಗಿದರೆ ಮನೆಯ ಅಡಿಯಲ್ಲಿ ನೀರು ಓಡಾಡುವ ಸದ್ದು ಕೇಳುತ್ತಿತ್ತು. ಗಾಳಿ ಬೀಸಿದಾಗಲೆಲ್ಲ ಜಾಕುಗಳು ಹಲ್ಲು ಕಡಿದ ಹಾಗೆ ಕಿರ್ರೆನ್ನುತ್ತಿದ್ದವು. ಸದ್ದು ನಿಂತರೆ ಇನ್ನೂ ಭಯ, ಯಾಕೆ ನಿಂತಿತೋ ಎಂದು. ಅವನಿಗೆ ಮಾತ್ರ ಹೇಳಲಿಲ್ಲ. ಒಂದು ಮನೆಗೆ ಒಬ್ಬರು ಹೆದರಿದರೆ ಸಾಕು.

ಮೂರನೇ ದಿನ ಮಧ್ಯಾಹ್ನ ಹಿಂದುಗಡೆಯ ಮಣ್ಣು ಮೆತ್ತಗಾಗಿ ಅಲ್ಲಿನ ಜಾಕುಗಳು ಇಳಿಯತೊಡಗಿದವು. ಮೇಸ್ತ್ರಿ ಅರ್ಧ ಜನರನ್ನು ಹಿಂದಕ್ಕೆ ಕರೆದುಕೊಂಡು ಹೋಗಿ ಜಾಕಿನ ಅಡಿಗೆ ಮರದ ದಿಮ್ಮಿ ತುರುಕಿಸುತ್ತಿದ್ದ. ಮುಂದಿನವರು ಜಾಕಿನ ಹಿಡಿ ಹಿಡಿದು, ಅವನ ವಿಷಲ್ಲಿಗೆ ಕಾಯುತ್ತಾ ಮಳೆಯಲ್ಲಿ ಕೂತಿದ್ದರು. ನನ್ನ ತಮ್ಮ ಗೇಟಿನ ಹತ್ತಿರ ಕೊಡೆ ಹಿಡಿದು ನಿಂತಿದ್ದ. ಪಾಪ ಇವರಿಗೆ ಒಂದಿಷ್ಟು ಕಾಫಿ ಕೊಡೋಣ ಎಂದು ನಾನು ಫ್ಲಾಸ್ಕ್ ಹಿಡಿದು ಮಹಡಿಯಿಂದ ಹೊರಗಿನ ಮೆಟ್ಟಿಲು ಇಳಿಯತೊಡಗಿದೆ.

ಇವನು ನೋಡಿದ. ಮೂವತ್ತು ವರ್ಷದ ಅಭ್ಯಾಸ, ವಯಸ್ಸಾದವರು ಇಳಿಯುತ್ತಿದ್ದಾರೆ, ಗಾಡಿ ನಿಲ್ಲಬೇಕು! ಯೋಚನೆಯೇ ಮಾಡದೆ ಒಂದು ಸಲ ಜೋರಾಗಿ ಊದಿಬಿಟ್ಟ.

ಮುಂದಿನವರೆಲ್ಲ ಒಂದು ಸುತ್ತು ತಿರುಗಿಸಿದರು. ಹಿಂದಿನವರ ಕೈಯಲ್ಲಿ ದಿಮ್ಮಿ ಇತ್ತು.

ಬಟ್ಟೆ ಹರಿದಂತೆ ಸದ್ದಾಯಿತು. ನನ್ನ ಪಕ್ಕದ ಗೋಡೆಯ ಮೇಲಿಂದ ಕೆಳಕ್ಕೆ ಬೆರಳು ತೂರುವಷ್ಟು ಬಿರುಕು ಓಡಿತು. ಮೆಟ್ಟಿಲು ಅಲುಗಿತು. ಹಿಂದಿನಿಂದ ಮೇಸ್ತ್ರಿ, "ಓಡ್ರೋ! ಎಲ್ಲಾ ರೋಡಿಗೆ!" ಎಂದು ಕೂಗಿದ. ಎಲ್ಲರೂ ಓಡಿದರು. ನನ್ನ ಮಂಡಿ ಹಿಡಿದುಕೊಂಡು ಅಲ್ಲೇ ಕುಸಿದು ಕೂತೆ. ಫ್ಲಾಸ್ಕ್ ಉರುಳಿಕೊಂಡು ಹೋಯಿತು. ಇಷ್ಟೇ ನನ್ನ ಕಥೆ ಎಂದುಕೊಂಡೆ.

ನೋಡಿದರೆ ಗೇಟಿನ ಹತ್ತಿರ ಇದ್ದವನು, ರಸ್ತೆಗೆ ಒಂದೇ ಹೆಜ್ಜೆ ದೂರದಲ್ಲಿದ್ದವನು, ಕೊಡೆ ಬಿಸಾಡಿ ಮೆಟ್ಟಿಲು ಹತ್ತಿ ಬರುತ್ತಿದ್ದಾನೆ! ಬಂದು ನನ್ನ ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದ. ಅವನು ಕಡ್ಡಿ, ನಾನು ಹೀಗೆ ದುಂಡಗೆ. ಆಗಲಿಲ್ಲ.

"ಹೋಗೋ! ರೋಡಿಗೆ ಹೋಗೋ, ಮುಠ್ಠಾಳ!"

"ಸುಮ್ನಿರಕ್ಕ."

ಕೆಳಗಿನ ಮೆಟ್ಟಿಲ ಮೇಲೆ ಕೂತು ನನ್ನ ಪಾದವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ಮನೆ ಇನ್ನೂ ನಡುಗುತ್ತಿದೆ ಎಂದು ನಾನು ದೇವರನ್ನು ಕರೆದೆ. ಆಮೇಲೆ ಗೊತ್ತಾಯಿತು, ನಡುಗುತ್ತಿದ್ದದ್ದು ಅವನ ಕೈ.

ಮೇಸ್ತ್ರಿ ಜನರನ್ನು ಬಯ್ದು ವಾಪಸ್ ಕರೆದ. ಮುಂದಿನ ಜಾಕುಗಳನ್ನು ಒಂದು ಸುತ್ತು ಇಳಿಸಿದರು, ಹಿಂದೆ ದಿಮ್ಮಿ ಕೂರಿಸಿದರು. ಮನೆ ಉಸಿರು ಬಿಟ್ಟ ಹಾಗೆ ಸದ್ದು ಮಾಡಿ ನಿಂತಿತು. ಮೇಸ್ತ್ರಿ ಮೆಟ್ಟಿಲ ಕೆಳಗೆ ನಿಂತು ತನ್ನ ಭಾಷೆಯಲ್ಲಿ ನನ್ನ ತಮ್ಮನನ್ನು ಬಯ್ಯಲು ಶುರುಮಾಡಿದ. ಇವನು ತಲೆ ತಗ್ಗಿಸಿ ಕೇಳುತ್ತಾ ಕೂತಿದ್ದ.

"ಸಾಕು ಬಿಡಪ್ಪ," ಎಂದೆ. "ಅವನನ್ನ ಬಯ್ಯೋಕೆ ನಾನಿದೀನಿ."

ಆದರೆ ಬಯ್ಯಲಿಲ್ಲ. ಮಳೆ ಇನ್ನೂ ಎರಡು ದಿನ ಇದೆ ಎಂದು ಟಿವಿಯವರು ಹೇಳಿದ್ದರು. ಇವನು ಈಗ ಏನು ಮಾಡುತ್ತಾನೆಂದು ನನಗೆ ಗೊತ್ತಾಗಿಹೋಗಿತ್ತು. ನಾನು ಇಲ್ಲಿ ಕೂತರೆ ಇವನೂ ಇಲ್ಲೇ ಕೂರುತ್ತಾನೆ, ನಡುಗುತ್ತಾ ನಡುಗುತ್ತಾ, ಗೋಡೆ ತಲೆಯ ಮೇಲೆ ಬರುವವರೆಗೂ. ಮನೆ ಬಿದ್ದರೆ ಇನ್ನೊಂದು ಕಟ್ಟಿಸಬಹುದು.

"ಲೋ, ಇಲ್ಲಿ ಸೊಳ್ಳೆ ಜಾಸ್ತಿ ಆಯ್ತು," ಎಂದೆ. "ನಡಿ, ನಿನ್ನ ಮಾವಳ್ಳಿಗೇ ಹೋಗೋಣ."

ಅವನು ತಲೆಯೆತ್ತಿ ನನ್ನ ಮುಖ ನೋಡಿದ. ಎದ್ದು, ನನ್ನ ಎರಡೂ ಕೈ ಹಿಡಿದುಕೊಂಡು, ಆ ಮಳೆಯಲ್ಲಿ ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿಯತೊಡಗಿದ. ಗೋಡೆಯ ಬಿರುಕಿನ ಕಡೆ ಒಂದು ಸಲವೂ ನೋಡಲಿಲ್ಲ. ಅವನ ಕಣ್ಣೆಲ್ಲ ನನ್ನ ಕಾಲಿನ ಮೇಲೆಯೇ ಇತ್ತು.