ಕೆಲಸ ಮುಗಿಸಿ ಹಾಡುವ ಒಗೆಯಂತ್ರ ಮಹಾಶಯರ ಮೇಲೊಂದು ದೂರು

ಬಚ್ಚಲುಮನೆಯ ಮೂಲೆಯಲ್ಲಿ, ಒಂದು ಕಾಲಿನಡಿ ಮಡಚಿಟ್ಟ ರಟ್ಟಿನ ಆಸರೆಯಲ್ಲಿ ವಿರಾಜಮಾನರಾಗಿರುವ ಬಟ್ಟೆ ಒಗೆಯುವ ಯಂತ್ರ ಮಹಾಶಯರ ಸನ್ನಿಧಾನಕ್ಕೆ, ಮೊಣಕಾಲೂರಿ ಆ ರಟ್ಟನ್ನು ತುರುಕಿದವನ ಸವಿನಯ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂಬುದು ತಮ್ಮ ಗಡಗಡ ಸದ್ದಿನಿಂದಲೇ ಕೆಳಗಿನ ಮನೆಯವರಿಗೂ ತಿಳಿಯುತ್ತಿರುವುದರಿಂದ ಆ ವಿಚಾರಣೆಯನ್ನು ಬಿಟ್ಟು ನೇರ ದೂರಿಗೆ ಬರುತ್ತೇನೆ. ಎರಡನೇ ತರಗತಿಯಲ್ಲಿ ಓದುತ್ತಿರುವ, ಅಥವಾ ಓದಬೇಕಾಗಿರುವ ನನ್ನ ಮಗಳನ್ನು ತಾವು ಕಸಿದುಕೊಂಡಿದ್ದೀರಿ. ಹೋದ ವರ್ಷ ಶಾಲೆಯಿಂದ ಬಂದವಳೇ ಚೀಲ ಬಿಚ್ಚಿ, ಲೆಕ್ಕ ಮಾಡಿ, "ಅಪ್ಪಾ ನೋಡು" ಎಂದು ತೋರಿಸಿ, ತೋರಿಸಿದ್ದನ್ನೇ ಮತ್ತೆ ತೋರಿಸಿ ತಲೆ ತಿನ್ನುತ್ತಿದ್ದ ಹುಡುಗಿ, ಈಗ ಒಂದು ಕೂಡುವ ಲೆಕ್ಕಕ್ಕೆಂದು ಪೆನ್ಸಿಲ್ ಚೂಪು ಮಾಡಲು ಕೂತರೆ ಪೆನ್ಸಿಲೇ ಮುಗಿಯುತ್ತದೆಯೇ ಹೊರತು ಲೆಕ್ಕ ಶುರುವಾಗುವುದಿಲ್ಲ. ತಮ್ಮ ಗಾಜಿನ ಬಾಗಿಲ ಮುಂದೆ ಮಾತ್ರ ಕೆನ್ನೆಗೆ ಎರಡೂ ಕೈ ಕೊಟ್ಟು, ರೆಪ್ಪೆ ಮಿಟುಕಿಸದೆ ಕೂರುತ್ತಾಳೆ. ನನ್ನ ಹಳೇ ಬನಿಯನ್ನಿನಲ್ಲಿ ಅಂಥ ಯಾವ ವಿದ್ಯೆ ಅಡಗಿದೆಯೋ ನಾನರಿಯೆ.

ನಾವು ಕೈಕಟ್ಟಿ ಕೂತಿರಲಿಲ್ಲ. ಹೊಸ ಮೇಜು ತಂದೆವು. ಅದರ ಕೆಳಗೆ ಅವಳು ಗೊಂಬೆಗೆ ಮನೆ ಕಟ್ಟಿದಳು. ಅವಳ ದೊಡ್ಡಪ್ಪನ ಮಗನ ಅಂಕಗಳನ್ನು ಊಟದ ಜೊತೆ ಬಡಿಸಿದೆವು, ಊಟವನ್ನೂ ಬಿಟ್ಟಳು. ಶಿಕ್ಷಕಿ ನನ್ನನ್ನು ಕರೆಸಿ, "ಬುದ್ಧಿ ಬೇಕಾದಷ್ಟಿದೆ, ಮನಸ್ಸೇ ಇಲ್ಲ. ಮನೇಲಿ ಏನಾದ್ರೂ ಆಗಿದ್ಯಾ?" ಎಂದು ಕೇಳಿದಾಗ ಬೇರೇನೂ ತೋಚದೆ ತಮ್ಮ ಹೆಸರು ಹೇಳಿ ಬಂದೆ. ಮುಂದಿನ ಸಲ ತಾಯಿಯನ್ನು ಕಳಿಸಿ ಎಂದರು.

ತಮ್ಮ ಸದ್ಗುಣಗಳನ್ನು ನಾನು ಅಲ್ಲಗಳೆಯುವುದಿಲ್ಲ. "ನಿನ್ನ ವಯಸ್ಸಲ್ಲಿ ನಾನು" ಎಂದು ತಾವು ಎಂದೂ ಬಾಯಿ ತೆರೆದವರಲ್ಲ. ಇನ್ನು ಒಂದೇ ನಿಮಿಷವೆಂದು ಅಂಕಿ ತೋರಿಸಿ ಐದು ನಿಮಿಷ ತಿರುಗುವ ತಮ್ಮ ಸತ್ಯಸಂಧತೆಗೆ ನಮ್ಮ ಮೇಲಧಿಕಾರಿಗಳೂ ತಲೆದೂಗಬೇಕು. ಆದರೆ ಕೆಲಸ ಮುಗಿದೊಡನೆ ಒಂದು ಪುಟ್ಟ ಹಾಡು ಹಾಡಿ, ಟಕ್ಕೆಂದು ಬಾಗಿಲು ಸಡಿಲಿಸಿ, ತೆಪ್ಪಗಾಗಿಬಿಡುತ್ತೀರಲ್ಲ, ಸ್ವಾಮೀ, ಅನಾಹುತವೆಲ್ಲ ಅಲ್ಲಿಂದಲೇ ಹುಟ್ಟಿದ್ದು.

ಭಾನುವಾರ ತಮ್ಮ ಹಾಡು ನಿಂತಾಗ, ಒದ್ದೆ ಬಟ್ಟೆ ಎಳೆಯುತ್ತಿದ್ದ ನನ್ನನ್ನು ಮಗಳು ಕೇಳಿದಳು: "ಇದು ಬೇಗ ಮುಗಿಸಿದ್ರೆ ಇನ್ನೊಂದು ರಾಶಿ ಯಾಕಪ್ಪಾ ತುಂಬಲ್ಲ?" ಅದರ ಕೆಲಸ ಆಯ್ತಲ್ಲಮ್ಮಾ, ಪಾಪ ಅದಕ್ಕೂ ಸುಸ್ತು ಎಂದೆ. "ನಂಗೆ ಮಾತ್ರ ಲೆಕ್ಕ ಮುಗಿದ ತಕ್ಷಣ ಇನ್ನೊಂದು ಪುಟ ಕೊಡ್ತೀಯ" ಎಂದಳು. ಅಳಲಿಲ್ಲ, ಮುನಿಸಿಕೊಳ್ಳಲಿಲ್ಲ, ಮಳೆ ಬರ್ತಿದೆ ಎನ್ನುವಷ್ಟೇ ಸಲೀಸಾಗಿ ಹೇಳಿದಳು.

ಆ ಇನ್ನೊಂದು ಪುಟವನ್ನು ನಾನು ಕೊಡುತ್ತಿದ್ದದ್ದು ಪ್ರೀತಿಯಿಂದ, ಮಾನ್ಯರೇ, "ಅಬ್ಬಾ, ಎಷ್ಟು ಬೇಗ ಮುಗಿಸ್ಬಿಟ್ಟೆ! ಹಾಗಾದ್ರೆ ಇದೊಂದು ಮಾಡು" ಎಂದು ಬೆನ್ನು ತಟ್ಟಿ. ನಾನು ಕೆಲಸ ಮಾಡುವ ಅಂಚೆ ವಿಂಗಡಣೆಯ ಕೋಣೆಯಲ್ಲೂ ಬೇಗ ಚೀಲ ಖಾಲಿ ಮಾಡಿದವನ ಬೆನ್ನು ತಟ್ಟಿ ಇನ್ನೊಂದು ಚೀಲ ಸುರಿಯುತ್ತಾರೆ. ಆದ್ದರಿಂದ ನಾವೆಲ್ಲ ಕೊನೆಯ ಕಟ್ಟನ್ನು ಕೈಯಲ್ಲಿ ಹಿಡಿದು, ಒಂದೊಂದು ವಿಳಾಸವನ್ನೂ ನಮಗೇ ಬಂದ ಪ್ರೇಮಪತ್ರವೆಂಬಂತೆ ಓದುತ್ತ, ಗಂಟೆ ಬಾರಿಸುವವರೆಗೆ ಕಾಲ ನೂಕುತ್ತೇವೆ. ಈ ಚಾಲಾಕಿತನವನ್ನು ಊಟದ ಹೊತ್ತಿನಲ್ಲಿ ಎಷ್ಟು ಸಲ ನಗುನಗುತ್ತ ಕೊಚ್ಚಿಕೊಂಡಿದ್ದೇನೋ! ಮಗಳು ಚಮಚ ಬಾಯಲ್ಲಿಟ್ಟುಕೊಂಡು ಕೇಳುತ್ತಿದ್ದಳು. "ನೂಲಿನಂತೆ ಸೀರೆ, ಅಪ್ಪನಂತೆ ಮಗಳು" ಎಂದು ಹೆಂಡತಿ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು.

ಆದಕಾರಣ ತಮ್ಮಲ್ಲಿ ಪ್ರಾರ್ಥನೆ ಏನೆಂದರೆ, ಇನ್ನು ಮುಂದೆ ಒಗೆದು ಮುಗಿದೊಡನೆ ಹಾಡದೆ, ಮುಖ ಸಪ್ಪೆ ಮಾಡಿಕೊಂಡು, ತಾವಾಗಿಯೇ ಕಿಟಕಿಯ ಪರದೆಗಳನ್ನು ಬೇಡಿ ಪಡೆದು ಒಗೆದು, ಬೆಳೆಯುವ ಮಕ್ಕಳಿಗೆ ಒಳ್ಳೆಯ ಮೇಲ್ಪಂಕ್ತಿ ಹಾಕಿಕೊಡಬೇಕು. ಅದಾಗದಿದ್ದರೆ ನಮ್ಮ ವಿಂಗಡಣೆ ಕೋಣೆಗೆ ಮೇಲ್ವಿಚಾರಕರಾಗಿ ದಯಮಾಡಿಸಬೇಕು. ತಮ್ಮ ಕೈಕೆಳಗೆ ನಾವೆಲ್ಲ ಚಕಚಕನೆ ಚೀಲ ಮುಗಿಸಿ, ಒಟ್ಟಿಗೆ ಹಾಡಿ, ಮನೆಗೆ ಹೋಗುತ್ತೇವೆ.

ತಮ್ಮ ವಿಶ್ವಾಸಿ,
ಸೋಪಿನ ಪುಡಿ ಸುರಿಯುವವನು

ತಾ.ಕ.: ನಿನ್ನೆ ಸಂಜೆ ಮಗಳು ಒಂದು ಪುಟ ಲೆಕ್ಕ ಮುಗಿಸಿ, ನನ್ನನ್ನೇ ಓರೆಗಣ್ಣಲ್ಲಿ ನೋಡುತ್ತ ತಮ್ಮ ಹಾಡನ್ನು ಹಾಡಿ, ಪುಸ್ತಕ ಮುಚ್ಚಿದಳು. ಅಭ್ಯಾಸಬಲದಿಂದ ಮುಂದಿನ ಪುಟಕ್ಕೆ ಹೊರಟಿದ್ದ ನನ್ನ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ಕೂತೆ. ಅವಳು ಕಾದಳು. ನಾನು ನಿಜಕ್ಕೂ ಏನೂ ಕೊಡುವುದಿಲ್ಲವೆಂದು ಖಾತ್ರಿಯಾದ ಮೇಲೆ ಪುಸ್ತಕವನ್ನು ತಾನೇ ತೆರೆದು, "ಅಪ್ಪಾ ನೋಡು" ಎಂದಳು. ತಾವು ಹಿಗ್ಗಬೇಡಿ, ಆ ಲೆಕ್ಕವನ್ನು ಅವಳು ತೋರಿಸಿದ್ದು ನನಗೆ, ತಮಗಲ್ಲ.